ಬೆಳಕು ಸೂಸುವ ತೆಳುಪೊರೆಗಳೂ ಶಾಖದ ಹದವೂ

ಕಮ್ಮಾರನು ಕಬ್ಬಿಣವನ್ನು ಕಾಸಿ ಹದಗೊಳಿಸುವುದನ್ನು ನಾವೆಲ್ಲರೂ ಬಲ್ಲೆವು. ಇಂದು ಟೆಲಿವಿಷನ್, ಮೊಬೈಲು ಫೋನುಗಳ ಎಷ್ಟೋ ಪರದೆಗಳಲ್ಲಿ ಬೆಳಕು ಸೂಸುತ್ತಿರುವ ಸಾವಯವ ಪೊರೆಗಳಿಗೂ ಇಂಥದೊಂದು ಹದವುಂಟು. ಇಂಗಾಲದ ಸಂಯುಕ್ತಗಳಿಂದಾದ ಈ ಪೊರೆಗಳ ದಪ್ಪವು ಸುಮಾರಾಗಿ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಇಷ್ಟು ತೆಳುವಾದ ವಸ್ತುವಿಗೆ ಶಾಖವು ಮಿತ್ರನೋ ಶತ್ರುವೋ ಎಂಬುದೇ ಇಲ್ಲಿ ವಿಚಾರಾರ್ಹವಾದ ವಿಷಯ.

ಮೊದಲು ಮಿತ್ರತ್ವವನ್ನು ನೋಡೋಣ. 1990ರಲ್ಲಿ ಕೇಂಬ್ರಿಜಿನ ವಿಜ್ಞಾನಿಗಳು ಪಿ.ಪಿ.ವಿ. ಎಂಬ ಪಾಲಿಮರಿನ ಪೊರೆಗೆ ವಿದ್ಯುತ್ತನ್ನು ಹಾಯಿಸಿ ಹಸಿರು ಮಿಶ್ರಿತ ಹಳದಿ ಬೆಳಕನ್ನು ಪಡೆದರು. ಈ ಪಾಲಿಮರು ದ್ರಾವಕಗಳಲ್ಲಿ ಕರಗದು. ಆದುದರಿಂದ ಅದರ ಪೂರ್ವರೂಪವಾದ, ಕರಗಬಲ್ಲ ಬೇರೊಂದು ಪಾಲಿಮರಿನ ದ್ರಾವಣವನ್ನು ಗಾಜಿನ ಮೇಲೆ ಹರಡಿ, ನಿರ್ವಾತದಲ್ಲಿ ಸುಮಾರು 250 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹಲವು ಗಂಟೆ ಕಾಯಿಸಿದರು. ಪಕ್ಕದ ಅಣುಗುಂಪುಗಳು ಕಳಚಿಹೋಗಿ ಪಿ.ಪಿ.ವಿ. ಸರಪಳಿ ಸಿದ್ಧವಾಯಿತು. ಇಲ್ಲಿ ಶಾಖವೇ ಪೊರೆಯ ಜನಕ.

ಇನ್ನು ಶತ್ರುತ್ವ. ಸಕ್ಕರೆಯ ಗಟ್ಟಿ ಪಾಕವನ್ನು ಬೇಗನೆ ಆರಿಸಿದರೆ ಗಾಜಿನಂತೆ ತಿಳಿಯಾಗಿ ನಿಲ್ಲುತ್ತದೆ; ತೇವ ತಗುಲಿ ಬಹುದಿನ ಉಳಿದರೆ ಹರಳುಗಟ್ಟಿ ಮಬ್ಬಾಗುತ್ತದೆ. ಚಿಕ್ಕ ಅಣುಗಳ ಪೊರೆಗಳೂ ಹೀಗೆಯೇ ಅಣುಗಳು ಕ್ರಮವಿಲ್ಲದೆ ನಿಂತ ಗಾಜುಗಳು. ಪ್ರತಿಯೊಂದು ಗಾಜಿಗೂ ಅಣುಗಳು ಕದಲತೊಡಗುವ ಒಂದು ಉಷ್ಣತೆಯುಂಟು. ವಿದ್ಯುದಾವೇಶವನ್ನು ಸಾಗಿಸಲು ಬಳಕೆಗೆ ಬಂದ ಟಿ.ಪಿ.ಡಿ.ಗೆ ಅದು ಸುಮಾರು 60 ಡಿಗ್ರಿ ಮಾತ್ರ. ಅದನ್ನು ಮೀರಿದರೆ ಪೊರೆ ಹರಳುಗಟ್ಟಿ ಒಡೆಯುತ್ತದೆ. ಅಲ್ಲಿಗೆ ದೀಪವೂ ಕೆಡುತ್ತದೆ. ಆ ಕಾರಣದಿಂದ, ಸುಮಾರು 95 ಡಿಗ್ರಿಯವರೆಗೆ ಅಲುಗದ ಎನ್.ಪಿ.ಬಿ. ಎಂಬ ವಸ್ತುವು ಅದರ ಸ್ಥಾನಕ್ಕೆ ಬಂದಿತು.

ಸುತ್ತಲಿನ ಗಾಳಿಯ ಪಾತ್ರವನ್ನೂ ಮರೆಯಲಾಗದು. ನೀಲಿ ಬೆಳಕಿನ ಪಾಲಿಫ್ಲೂರೀನನ್ನು ಗಾಳಿಯಲ್ಲಿ ಕಾಯಿಸಿದರೆ, ಸರಪಳಿಯ ಕೆಲವು ಕೊಂಡಿಗಳಿಗೆ ಆಮ್ಲಜನಕ ಸೇರಿ ಫ್ಲೂರಿನೋನ್ ಆಗುತ್ತದೆ. ಸುತ್ತಲ ಶಕ್ತಿಯೆಲ್ಲ ಆ ಕೊಂಡಿಗಳ ಕಡೆಗೇ ಹರಿಯುವುದರಿಂದ, ಅವು ಕೆಲವೇ ಇದ್ದರೂ ನೀಲಿಯು ಹಸಿರಿಗೆ ತಿರುಗುತ್ತದೆ. ಆದುದರಿಂದ ಇಂಥ ಪೊರೆಗಳನ್ನು ಸಾರಜನಕದಲ್ಲೋ ನಿರ್ವಾತದಲ್ಲೋ ಕಾಯಿಸುವುದು ರೂಢಿ.

ಲಾಭನಷ್ಟಗಳೆರಡೂ ಒಟ್ಟಿಗೆ ಬರುವುದೂ ಉಂಟು. ಪಿ.ಪಿ.ವಿ.ಯ ಬಳಗಕ್ಕೇ ಸೇರಿದ, ಕರಗಬಲ್ಲ ಎಂ.ಇ.ಎಚ್.-ಪಿ.ಪಿ.ವಿ. ಪೊರೆಯನ್ನು ಕಾಯಿಸಿದರೆ ಸರಪಳಿಗಳು ಒತ್ತಾಗಿ ಕೂಡುತ್ತವೆ. ವಿದ್ಯುದಾವೇಶವು ಸರಾಗವಾಗಿ ಸಾಗುತ್ತದೆ. ಆದರೆ ಬೆಳಕಿನ ಬಣ್ಣವು ಕೆಂಪಿನ ಕಡೆಗೆ ಸರಿದು, ಬೆಳಕಾಗಿ ಹೊರಬೀಳುವ ಶಕ್ತಿಯ ಪಾಲು ಕುಗ್ಗುತ್ತದೆ.

ಇದರಿಂದ ಸ್ಪಷ್ಟವಾಗುವುದಿಷ್ಟು: ಎಷ್ಟು ಶಾಖ ಎಂಬುದೊಂದನ್ನೇ ಕೇಳಿದರೆ ಸಾಲದು, ಯಾವ ಪದಾರ್ಥಕ್ಕೆ, ಎಷ್ಟು ಹೊತ್ತು, ಯಾವ ಅನಿಲದಲ್ಲಿ ಎಂಬುದನ್ನೂ ಕೇಳಬೇಕು. ಈ ಎಲ್ಲ ಪ್ರಶ್ನೆಗಳನ್ನೂ ಒಳಗೊಳ್ಳುವ 'ಹದ' ಎಂಬ ಮಾತು ನಮ್ಮ ಕಮ್ಮಟದಲ್ಲೂ ಅಡುಗೆಮನೆಯಲ್ಲೂ ಮೊದಲಿನಿಂದ ಇದೆ. ಇಂಗ್ಲಿಷಿನ 'ಅನೀಲಿಂಗ್' ಪದಕ್ಕೆ 'ಹದಗಾಸುವಿಕೆ' ಎಂದು ಹೇಳಿದರೆ ಗಡಿನಾಡಿನ ಕನ್ನಡ ತರಗತಿಗಳ ಮಕ್ಕಳಿಗೂ ಅರ್ಥವು ಒಡನೆ ಹೊಳೆದೀತೆಂದು ನಮ್ಮ ನಂಬಿಕೆ. ಉಪಾಧ್ಯಾಯ ಬಂಧುಗಳು ಇದನ್ನು ಬಳಸಿ ನೋಡಬೇಕೆಂದು ಕೋರುತ್ತೇವೆ.