ಪ್ಯಾರಿಸ್‌ನಿಂದ ರೋಮ್‌ಗೆ: ನಡುವೆ ಒಂದು ಪರ್ವತ

ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ಅಳೆದರೆ ಪ್ಯಾರಿಸ್‌ಗೂ ರೋಮ್‌ಗೂ ನಡುವೆ ಸುಮಾರು 1,100 ಕಿ.ಮೀ. ರಸ್ತೆ ಹಿಡಿದು ಹೊರಟರೆ ಅದೇ ದೂರ 1,400 ಕಿ.ಮೀ. ಆಗಿಬಿಡುತ್ತದೆ. ಈ ಹೆಚ್ಚುವರಿ ಸುತ್ತಿಗೆ ಮುಖ್ಯ ಕಾರಣ ಗೋಡೆಯಂತೆ ಅಡ್ಡ ನಿಂತಿರುವ ಆಲ್ಪ್ಸ್ ಪರ್ವತಶ್ರೇಣಿ. ಹಾಗಾಗಿ ಪ್ರವಾಸದ ಲೆಕ್ಕಾಚಾರವನ್ನು ಪರ್ವತದಿಂದಲೇ ಆರಂಭಿಸುವುದು ಜಾಣತನ.

ಹತ್ತಿರದ ದಾರಿ ಮಾಂಟ್ ಬ್ಲಾಂಕ್ ಸುರಂಗ. 1965ರಲ್ಲಿ ಸಂಚಾರಕ್ಕೆ ತೆರೆದ ಇದರ ಉದ್ದ 11.6 ಕಿ.ಮೀ. ಕೆಲವೆಡೆ ತಲೆಯ ಮೇಲೆ ಎರಡು ಕಿ.ಮೀ.ಗೂ ಹೆಚ್ಚು ದಪ್ಪದ ಬಂಡೆ! ಕಾರಿನ ಸುಂಕ ಒಂದು ಬದಿಗೇ 50 ಯೂರೋ ಮೀರುತ್ತದೆ. ಒಳಗೆ ಇರುವುದು ಎದುರುಬದುರು ಸಾಗುವ ಎರಡೇ ಸಾಲು. ವೇಗ ಗಂಟೆಗೆ 70 ಕಿ.ಮೀ. ಮೀರಬಾರದು, 50ಕ್ಕಿಂತ ಇಳಿಯಲೂಬಾರದು. ಮುಂದಿನ ವಾಹನಕ್ಕೂ ನಮಗೂ 150 ಮೀಟರ್ ಅಂತರವಿರಬೇಕು. ಅದನ್ನು ತೋರಿಸಲು ಗೋಡೆಯಲ್ಲಿ ನೀಲಿ ದೀಪಗಳಿವೆ.

ಇಷ್ಟೊಂದು ಕಟ್ಟುನಿಟ್ಟು ಏಕೆ? 1999ರ ಮಾರ್ಚ್ 24ರಂದು ಹಿಟ್ಟು ಮತ್ತು ಮಾರ್ಗರಿನ್ ಹೊತ್ತ ಲಾರಿಯೊಂದು ಸುರಂಗದ ನಡುವೆ ಹೊತ್ತಿಕೊಂಡು ನಿಂತಿತು. ಮಾರ್ಗರಿನ್ ಎಂದರೆ ಕೊಬ್ಬು ತಾನೆ? ಕರಗಿ ಎಣ್ಣೆಯಂತೆಯೇ ಉರಿಯಿತು. ಇಟಲಿಯ ಕಡೆಯಿಂದ ಒಳಗೆ ನೂಕಿದ ಗಾಳಿ ಹೊಗೆಯನ್ನು ಫ್ರಾನ್ಸ್‌ನ ಕಡೆಗೆ ತಳ್ಳಿತು. ಲಾರಿಯ ಹಿಂದೆ ನಿಂತಿದ್ದವರಿಗೆ ಓಡಲು ಸಮಯವೇ ಸಿಗಲಿಲ್ಲ. 39 ಜನ ಸತ್ತರು. ಜನರನ್ನು ಕಾಪಾಡಲು ಮೋಟಾರ್‌ಸೈಕಲ್ ಏರಿ ಒಳಗೆ ಹೋದ ಸುರಂಗದ ಸಿಬ್ಬಂದಿ ಪಿಯರ್ಲೂಚೊ ತಿನಾತ್ಸಿ ಕೂಡ ಮರಳಲಿಲ್ಲ. ಬೆಂಕಿ ಎರಡು ದಿನಕ್ಕೂ ಹೆಚ್ಚು ಕಾಲ ಉರಿಯಿತು. ಸುರಂಗ ಮತ್ತೆ ತೆರೆದದ್ದು 2002ರಲ್ಲಿ. ಈಗ ಪ್ರತಿ 300 ಮೀಟರಿಗೊಂದು ಆಶ್ರಯಕೊಠಡಿ ಇದೆ. ಅಲ್ಲಿಂದ ರಸ್ತೆಯ ಅಡಿಯ ಹಾದಿಯ ಮೂಲಕ ಹೊರಬರಬಹುದು. ಆ ಕೊಠಡಿಗಳ ಗುರುತನ್ನು ಕಣ್ಣಲ್ಲಿಟ್ಟುಕೊಂಡೇ ಸಾಗಬೇಕು.

ಟಿಕೆಟ್, ಹೋಟೆಲು ಕಾದಿರಿಸುವ ಮೊದಲು ಸುರಂಗ ತೆರೆದಿದೆಯೇ ಎಂದು ವಿಚಾರಿಸುವುದು ಅಗತ್ಯ. ದುರಸ್ತಿಗಾಗಿ 2023, 2024 ಮತ್ತು 2025ರ ಶರತ್ಕಾಲದಲ್ಲಿ ವಾರಗಟ್ಟಲೆ ಮುಚ್ಚಿತ್ತು. ಆಗಿನ ಪರ್ಯಾಯ ದಕ್ಷಿಣಕ್ಕಿರುವ ಫ್ರೆಜೂಸ್ ಸುರಂಗ. ಈ ಎರಡೂ ಸುರಂಗ ಬೇಡವೆನ್ನುವವರು ನೀಸ್, ಜಿನೋವಾಗಳ ಕಡಲಂಚಿನ ದಾರಿ ಹಿಡಿಯಬಹುದು. ಸುಮಾರು 200 ಕಿ.ಮೀ. ಸುತ್ತು, ನೋಟ ಮಾತ್ರ ಸೊಗಸು. ಚಳಿಗಾಲವಾದರೆ ಹಿಮದ ಟಯರು ಅಥವಾ ಚಕ್ರಕ್ಕೆ ಸುತ್ತುವ ಸರಪಳಿ ಕಡ್ಡಾಯ.

ಉಳಿದದ್ದು ಹೆದ್ದಾರಿ. ಎರಡೂ ದೇಶಗಳಲ್ಲಿ ವೇಗದ ಮಿತಿ ಗಂಟೆಗೆ 130 ಕಿ.ಮೀ., ಮಳೆಯಲ್ಲಿ 110. ಈ ಕಡಿತ ಅಧಿಕಾರಿಗಳ ಹುಚ್ಚಾಟವೇನಲ್ಲ. 130ರಲ್ಲಿ ಕಾರು ಸೆಕೆಂಡಿಗೆ 36 ಮೀಟರ್ ಓಡುತ್ತದೆ. ಕಾಲು ಬ್ರೇಕ್ ಮುಟ್ಟುವಷ್ಟರಲ್ಲೇ ಅಷ್ಟು ದೂರ ಹೋಯಿತು! ಆಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 90 ಮೀಟರಿನಷ್ಟು ಬೇಕು. ರಸ್ತೆ ಒದ್ದೆಯಾದರೆ ಟಯರಿನ ಹಿಡಿತ ಕುಗ್ಗುತ್ತದೆ. ಆಗ 110ರಲ್ಲೂ ನಿಲ್ಲುವ ದೂರ ಅದಕ್ಕಿಂತ ಹೆಚ್ಚಾದೀತು.

ಒಬ್ಬನೇ ಚಾಲಕನಾದರೆ 1,400 ಕಿ.ಮೀ.ಯನ್ನು ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಐರೋಪ್ಯ ಒಕ್ಕೂಟದಲ್ಲಿ ಲಾರಿ ಚಾಲಕರಿಗೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ಕಾರಿನವರಿಗೆ ಆ ಕಾನೂನಿಲ್ಲ. ನಿದ್ದೆ ಮಾತ್ರ ಇಬ್ಬರಿಗೂ ಒಂದೇ. ಮೊದಲ ರಾತ್ರಿ ಸುರಂಗಕ್ಕೆ ಮುಂಚೆ ಶಮೊನಿಯಲ್ಲಿ ತಂಗಿ, ಬೆಳಗಿನ ಹೊಸ ಕಣ್ಣಿನಲ್ಲಿ ಪರ್ವತ ದಾಟುವುದು ಒಳ್ಳೆಯದು. ನಮ್ಮಲ್ಲಿಂದ ಹೋದವರಿಗಂತೂ ಇದು ಇನ್ನೂ ಮುಖ್ಯ. ಎಡಬದಿಯ ಚಾಲನೆಗೆ ಒಗ್ಗಿದ ಕೈ, ದಣಿದಾಗ ತಾನಾಗಿಯೇ ಹಳೆಯ ಬದಿಗೆ ಎಳೆಯುತ್ತದೆ. ಹೊರಡುವ ಮುನ್ನ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಲು ಮರೆಯಬಾರದು.

ಇನ್ನು ರೋಮ್. ಹಳೆಯ ನಗರದ ನಡುಭಾಗಕ್ಕೆ ನಿಗದಿತ ಹೊತ್ತಿನಲ್ಲಿ ಪರವಾನಗಿಯಿಲ್ಲದ ಕಾರು ನುಗ್ಗಿದರೆ ಕ್ಯಾಮೆರಾ ಸದ್ದಿಲ್ಲದೆ ನಂಬರ್ ಪ್ಲೇಟಿನ ಚಿತ್ರ ತೆಗೆದುಕೊಳ್ಳುತ್ತದೆ. ದಂಡದ ಚೀಟಿ ತಿಂಗಳುಗಳ ನಂತರ ಮನೆ ಬಾಗಿಲಿಗೆ ಬರುತ್ತದೆ. ಕಾರನ್ನು ಹೊರವಲಯದ ಮೆಟ್ರೊ ನಿಲ್ದಾಣದ ಬಳಿ ಬಿಟ್ಟು ರೈಲು ಹತ್ತಿದರಾಯಿತು.