ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯ ಮೇಲಣ ಶೈವಲಗಳು

ಧ್ರುವಪ್ರದೇಶದ ಮಂಜುಗಡ್ಡೆಯು ನಿರ್ಜೀವವೆಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. 1870ರಲ್ಲಿ ಗ್ರೀನ್‌ಲ್ಯಾಂಡಿನ ಹಿಮಹಾಸಿನ ಮೇಲೆ ಸಂಚರಿಸಿದ ಸ್ವೀಡಿಷ್ ಅನ್ವೇಷಕ ನೋರ್ಡೆನ್‌ಶೆಲ್ಡ್ ಹಾಗೂ ಸಸ್ಯವಿಜ್ಞಾನಿ ಬೆರ್ಗ್‌ಗ್ರೇನ್ ಅಲ್ಲಿ ಕಂದುಬಣ್ಣದ ಶೈವಲಗಳನ್ನು, ಅಂದರೆ ಸೂಕ್ಷ್ಮ ಪಾಚಿಗಳನ್ನು ಗುರುತಿಸಿದರು. ಅವು ಕರಗುವಿಕೆಯನ್ನು ತ್ವರಿತಗೊಳಿಸುತ್ತವೆಯೆಂದು ನೋರ್ಡೆನ್‌ಶೆಲ್ಡ್ ಆಗಲೇ ಸೂಚಿಸಿದ್ದರು.

ಈ ಪರಿಣಾಮದ ಮೂಲವಿರುವುದು ಬೆಳಕಿನ ಪ್ರತಿಫಲನದಲ್ಲಿ. ಹೊಸದಾಗಿ ಬಿದ್ದ ಹಿಮವು ತನ್ನ ಮೇಲೆ ಬೀಳುವ ಬಿಸಿಲಿನ ಶೇಕಡಾ 80ಕ್ಕೂ ಹೆಚ್ಚು ಭಾಗವನ್ನು ಹಿಂದಿರುಗಿಸುತ್ತದೆ. ಬೇಸಿಗೆಯಲ್ಲಿ ಅದು ಕರಗಿ ಅಡಿಯ ಮಂಜುಗಡ್ಡೆ ತೆರೆದುಕೊಂಡಾಗ ಆನ್ಸಿಲೊನೀಮ ಕುಲದ ಶೈವಲಗಳು ಅದರ ಮೇಲ್ಮೈಯ ನೀರಿನಲ್ಲಿ ವೃದ್ಧಿಸುತ್ತವೆ. ತೀವ್ರ ಬಿಸಿಲಿನಿಂದ ಪತ್ರಹರಿತ್ತನ್ನು ರಕ್ಷಿಸಿಕೊಳ್ಳಲು ಅವು ಪರ್ಪ್ಯುರೊಗ್ಯಾಲಿನ್ ವರ್ಗದ ಗಾಢ ವರ್ಣದ್ರವ್ಯವನ್ನು ಜೀವಕೋಶದಲ್ಲಿ ಶೇಖರಿಸುತ್ತವೆ. ಈ ವರ್ಣದ್ರವ್ಯ ಹೀರಿದ ಬೆಳಕು ಶಾಖವಾಗಿ ಸುತ್ತಲಿನ ಮಂಜುಗಡ್ಡೆಯನ್ನು ಕರಗಿಸುತ್ತದೆ. ಕರಗಿದ ನೀರು ಶೈವಲಗಳ ಬೆಳವಣಿಗೆಗೆ ಒದಗುತ್ತದೆ. ಹೀಗೆ ಕಾರ್ಯವು ಮರಳಿ ಕಾರಣವನ್ನೇ ಪೋಷಿಸುತ್ತದೆ. ಧೂಳು, ಮಸಿಗಳೂ ಹಿಮವನ್ನು ಕಪ್ಪಾಗಿಸುತ್ತವೆಯಾದರೂ ಅವು ತಾವಾಗಿ ವೃದ್ಧಿಸಲಾರವು.

2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, 2017ರ ಬೇಸಿಗೆಯಲ್ಲಿ ಹಿಮಹಾಸಿನ ನೈಋತ್ಯ ಭಾಗದ ತೆರೆದ ಮಂಜುಗಡ್ಡೆಯಿಂದ ಹರಿದ ನೀರಿನಲ್ಲಿ ಶೇಕಡಾ 10ರಿಂದ 13ರಷ್ಟಕ್ಕೆ ಶೈವಲಗಳೇ ಕಾರಣ. ಈ ಹಿಮಹಾಸು ಸಂಪೂರ್ಣವಾಗಿ ಕರಗಿದಲ್ಲಿ ಜಗತ್ತಿನ ಸಮುದ್ರಮಟ್ಟ ಸುಮಾರು 7 ಮೀಟರಿನಷ್ಟು ಏರುವುದು. ಆದುದರಿಂದ ಕರಗುವಿಕೆಯ ಮುನ್ನಂದಾಜು ವಾಯುವಿನ ಉಷ್ಣತೆಯನ್ನು ಮಾತ್ರವೇ ಅವಲಂಬಿಸಿದರೆ ಅಪೂರ್ಣವಾಗುತ್ತದೆ. ಮಂಜುಗಡ್ಡೆಯ ಮೇಲಣ ಜೀವಸಮುದಾಯವನ್ನೂ ಅದು ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.