ಜಾರ್ಜ್ ಫರ್ನಾಂಡಿಸ್: ಹೋರಾಟಗಾರನ ವಿದೇಶ ನೀತಿ, ಸಚಿವನ ವಿದೇಶ ನೀತಿ

ಜಾರ್ಜ್ ಫರ್ನಾಂಡಿಸ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1974ರ ರೈಲ್ವೆ ಮುಷ್ಕರ, ತುರ್ತು ಪರಿಸ್ಥಿತಿಯ ಕಾಲದ ಕೈಕೋಳ ಹಾಗೂ ಕೊಂಕಣ ರೈಲು. 1930ರ ಜೂನ್ 3ರಂದು ಮಂಗಳೂರಿನಲ್ಲಿ ಜನಿಸಿ, ಮುಂಬಯಿಯಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದು, ಬಿಹಾರದಿಂದ ಹಲವು ಬಾರಿ ಲೋಕಸಭೆಗೆ ಆಯ್ಕೆಯಾದ ಈ ಸಮಾಜವಾದಿಯ ರಾಜಕೀಯ ದೇಶದ ಗಡಿಯಾಚೆಗೂ ಚಾಚಿತ್ತು. ಟಿಬೆಟ್ ಮತ್ತು ಬರ್ಮಾದ ಜನರ ಪರವಾಗಿ ದೆಹಲಿಯಲ್ಲಿ ಅವರಷ್ಟು ನಿರಂತರವಾಗಿ ದನಿಯೆತ್ತಿದ ರಾಜಕಾರಣಿಗಳು ವಿರಳ. ಅವರೇ ರಕ್ಷಣಾ ಸಚಿವರಾದಾಗ ಆ ದನಿಗೆ ಏನಾಯಿತು ಎಂಬುದು ಪರಿಶೀಲಿಸಬೇಕಾದ ವಿಷಯ.

ಲೋಹಿಯಾ ಪರಂಪರೆ

ಬೆಂಗಳೂರಿನ ಸೆಮಿನರಿಯಲ್ಲಿ ಪಾದ್ರಿಯಾಗಲು ಓದುತ್ತಿದ್ದ ಯುವಕ ಅದನ್ನು ತೊರೆದು 1949ರಲ್ಲಿ ಮುಂಬಯಿ ಸೇರಿದರು. ಬಂದರು, ಟ್ಯಾಕ್ಸಿ ಹಾಗೂ ನಗರಪಾಲಿಕೆಯ ಕಾರ್ಮಿಕರನ್ನು ಸಂಘಟಿಸಿದರು. 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪ್ರಬಲ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿ ರಾಷ್ಟ್ರ ರಾಜಕಾರಣಕ್ಕೆ ಕಾಲಿಟ್ಟರು.

ಅವರ ರಾಜಕೀಯ ಗುರು ರಾಮಮನೋಹರ ಲೋಹಿಯಾ. ಟಿಬೆಟ್‌ನ ಮೇಲೆ ಚೀನಾ ನಡೆಸಿದ ಆಕ್ರಮಣವನ್ನು ಆರಂಭದಲ್ಲಿಯೇ ಕಟುವಾಗಿ ಖಂಡಿಸಿದವರು ಅವರು. ಭಾರತದ ಸಮಾಜವಾದಿಗಳಿಗೆ ಬರ್ಮಾದ ನಂಟೂ ಹಳೆಯದು. 1953ರ ಜನವರಿಯಲ್ಲಿ ಏಷ್ಯಾದ ಸಮಾಜವಾದಿಗಳ ಮೊದಲ ಸಮ್ಮೇಳನ ನಡೆದದ್ದು ರಂಗೂನಿನಲ್ಲಿ. ಫರ್ನಾಂಡಿಸ್ ಅವರ ವಿದೇಶ ನೀತಿಯ ಬೇರುಗಳು ಈ ಪರಂಪರೆಯಲ್ಲಿವೆ.

ಯುರೋಪಿನಿಂದ ಬಂದ ದನಿ

1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾದಾಗ ಫರ್ನಾಂಡಿಸ್ ಭೂಗತರಾದರು. 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಬಂಧನಕ್ಕೊಳಗಾದರು. ಅವರ ಸೋದರ ಲಾರೆನ್ಸ್ ಪೊಲೀಸರ ವಶದಲ್ಲಿ ಚಿತ್ರಹಿಂಸೆ ಅನುಭವಿಸಿದ್ದರಿಂದ, ಜಾರ್ಜ್ ಜೀವಕ್ಕೂ ಅಪಾಯವಿದೆ ಎಂಬ ಭಯ ಬೆಂಬಲಿಗರಲ್ಲಿತ್ತು. ಆಗ ಜರ್ಮನಿಯ ವಿಲ್ಲಿ ಬ್ರಾಂಟ್, ಸ್ವೀಡನ್ನಿನ ಓಲಾಫ್ ಪಾಮೆ, ಆಸ್ಟ್ರಿಯಾದ ಬ್ರೂನೋ ಕ್ರೈಸ್ಕಿ ಅವರಂತಹ ಸಮಾಜವಾದಿ ಮುಖಂಡರು ಇಂದಿರಾ ಗಾಂಧಿಯವರಿಗೆ ಮನವಿ ಮಾಡಿಕೊಂಡರು. ಸೆರೆಯಲ್ಲಿರುವವನ ಪರವಾಗಿ ಹೊರದೇಶದವರು ಮಾತನಾಡಿದರೆ ಅದಕ್ಕೆ ಬೆಲೆಯಿದೆ ಎಂಬುದು ಫರ್ನಾಂಡಿಸ್ ಅವರಿಗೆ ಸ್ವಂತ ಅನುಭವದಿಂದ ತಿಳಿದ ಸತ್ಯ.

1977ರಲ್ಲಿ ಸೆರೆಮನೆಯಿಂದಲೇ ಸ್ಪರ್ಧಿಸಿ ಬಿಹಾರದ ಮುಜಫ್ಫರ್‌ಪುರದಲ್ಲಿ 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಜನತಾ ಸರ್ಕಾರದಲ್ಲಿ ಕೈಗಾರಿಕಾ ಸಚಿವರಾಗಿ, ವಿದೇಶಿ ಕಂಪನಿಗಳು ಭಾರತದ ಘಟಕಗಳಲ್ಲಿನ ತಮ್ಮ ಪಾಲನ್ನು ತಗ್ಗಿಸಬೇಕೆಂಬ ಕಾನೂನನ್ನು ಬಿಗಿಯಾಗಿ ಜಾರಿಗೊಳಿಸಿದರು. ಕೋಕಾ ಕೋಲಾ ಮತ್ತು ಐಬಿಎಂ ದೇಶ ಬಿಟ್ಟವು. ಜಗತ್ತಿನ ಪತ್ರಿಕೆಗಳಲ್ಲಿ ಅವರ ಹೆಸರು ಪ್ರಚಾರಕ್ಕೆ ಬಂದದ್ದು ಈ ಕಾರಣದಿಂದ.

ನಿರಾಶ್ರಿತರಿಗೆ ತೆರೆದ ಮನೆ

ಬರ್ಮಾದಲ್ಲಿ 1988ರ ಪ್ರಜಾಪ್ರಭುತ್ವ ಚಳವಳಿಯನ್ನು ಸೇನೆ ಹತ್ತಿಕ್ಕಿತು. ದೇಶ ತೊರೆದು ಬಂದ ವಿದ್ಯಾರ್ಥಿಗಳಿಗೆ ದೆಹಲಿಯ ಕೃಷ್ಣ ಮೆನನ್ ಮಾರ್ಗದಲ್ಲಿದ್ದ ಫರ್ನಾಂಡಿಸ್ ನಿವಾಸ ಆಶ್ರಯತಾಣವಾಯಿತು. ಟಿಬೆಟಿಯನ್ ಹೋರಾಟಗಾರರಿಗೂ ಅಲ್ಲಿ ಸ್ವಾಗತವಿತ್ತು. 1960ರ ದಶಕದಿಂದ ಬೈಲಕುಪ್ಪೆ ಹಾಗೂ ಮುಂಡಗೋಡಿನಲ್ಲಿ ನೆಲೆಸಿರುವ ಟಿಬೆಟಿಯನ್ನರನ್ನು ಬಲ್ಲ ಕರ್ನಾಟಕದ ಜನತೆಗೆ ಈ ಕಾಳಜಿ ಅಪರಿಚಿತವೇನಲ್ಲ.

1998ರ ಮಾರ್ಚಿಯಲ್ಲಿ ವಾಜಪೇಯಿ ಸಂಪುಟದಲ್ಲಿ ಅವರು ರಕ್ಷಣಾ ಸಚಿವರಾದರು. ಮೇ ತಿಂಗಳ ಆರಂಭದಲ್ಲಿ, ಭಾರತಕ್ಕೆ ಸಂಭಾವ್ಯ ಅಪಾಯಗಳಲ್ಲಿ ಚೀನಾವೇ ಮೊದಲನೆಯದೆಂಬ ಅರ್ಥದ ಹೇಳಿಕೆ ನೀಡಿದರು. ಬೀಜಿಂಗ್ ಕೆರಳಿತು. ಮೇ 11 ಮತ್ತು 13ರಂದು ಪೋಖ್ರಾನಿನಲ್ಲಿ ಅಣು ಪರೀಕ್ಷೆಗಳು ನಡೆದವು. ಹಿಂದೆ ಅಣ್ವಸ್ತ್ರಗಳ ವಿರೋಧಿಯಾಗಿದ್ದ ಫರ್ನಾಂಡಿಸ್ ಈಗ ಅವುಗಳ ಸಮರ್ಥಕರಾಗಿದ್ದರು.

ಅಧಿಕಾರದ ಮಿತಿ

ಮುಂದಿನ ವರ್ಷಗಳಲ್ಲಿ ಸರ್ಕಾರ ಸಾಗಿದ ದಾರಿ ಬೇರೆಯೇ ಆಗಿತ್ತು. ಈಶಾನ್ಯದ ಬಂಡುಕೋರರನ್ನು ನಿಗ್ರಹಿಸಲು ಹಾಗೂ ಬರ್ಮಾದಲ್ಲಿ ಚೀನಾದ ಪ್ರಭಾವವನ್ನು ತಗ್ಗಿಸಲು ಅಲ್ಲಿನ ಸೇನಾಡಳಿತದ ಸಹಕಾರ ಬೇಕೆಂದು ದೆಹಲಿ ತೀರ್ಮಾನಿಸಿತ್ತು. 2000ದ ನವೆಂಬರಿನಲ್ಲಿ ಅಲ್ಲಿನ ಸೇನಾ ನಾಯಕ ಮೌಂಗ್ ಆಯೆ ದೆಹಲಿಗೆ ಬಂದರು. 2001ರ ಫೆಬ್ರವರಿಯಲ್ಲಿ ವಿದೇಶಾಂಗ ಸಚಿವ ಜಸ್ವಂತ್ ಸಿಂಗ್ ಬರ್ಮಾಕ್ಕೆ ತೆರಳಿ ಭಾರತದ ನೆರವಿನಿಂದ ನಿರ್ಮಾಣವಾದ ಗಡಿ ರಸ್ತೆಯನ್ನು ಉದ್ಘಾಟಿಸಿದರು. ಆ ಸೇನೆಯಿಂದ ತಪ್ಪಿಸಿಕೊಂಡು ಬಂದವರಿಗೆ ನೆಲೆ ನೀಡಿದ್ದ ವ್ಯಕ್ತಿ ಅದೇ ಸಂಪುಟದ ಸದಸ್ಯರಾಗಿದ್ದರು.

ತೆಹೆಲ್ಕಾ ಪ್ರಕರಣದಿಂದಾಗಿ 2001ರ ಮಾರ್ಚಿಯಲ್ಲಿ ರಾಜೀನಾಮೆ ಇತ್ತ ಫರ್ನಾಂಡಿಸ್, ಅಕ್ಟೋಬರಿನಲ್ಲಿ ಮತ್ತೆ ಸಚಿವರಾದರು. 2003ರ ಏಪ್ರಿಲ್‌ನಲ್ಲಿ, ಸಾರ್ಸ್ ರೋಗದ ಭೀತಿಯ ನಡುವೆಯೂ ಚೀನಾ ಪ್ರವಾಸ ಕೈಗೊಂಡರು. ಜೂನ್‌ನಲ್ಲಿ ವಾಜಪೇಯಿ ಬೀಜಿಂಗಿಗೆ ಹೋದಾಗ ಸಹಿ ಬಿದ್ದ ಘೋಷಣೆಯಲ್ಲಿ, ಟಿಬೆಟ್ ಸ್ವಾಯತ್ತ ಪ್ರದೇಶವು ಚೀನಾದ ಭಾಗವೆಂದು ಭಾರತ ಒಪ್ಪಿಕೊಂಡಿತು. ಲೋಹಿಯಾ ಶಿಷ್ಯರು ಸಂಪುಟದಲ್ಲಿಯೇ ಉಳಿದರು.

ಇದನ್ನು ಕೇವಲ ಅವಕಾಶವಾದವೆಂದು ಕರೆದವರಿದ್ದಾರೆ. ಮೈತ್ರಿಕೂಟದ ಸರ್ಕಾರದಲ್ಲಿ ವಿದೇಶ ನೀತಿ ಪ್ರಧಾನಿ ಹಾಗೂ ವಿದೇಶಾಂಗ ಸಚಿವಾಲಯದ ಹಿಡಿತದಲ್ಲಿರುತ್ತದೆ, ಸಣ್ಣ ಪಕ್ಷವೊಂದರ ನಾಯಕ ಅದನ್ನು ತಿರುಗಿಸಲಾರ ಎಂದು ಸಮರ್ಥಿಸಿದವರೂ ಇದ್ದಾರೆ. ಎರಡೂ ಮಾತುಗಳಲ್ಲಿ ಸತ್ಯದ ಅಂಶವಿದೆ. ಆದರೆ ಫರ್ನಾಂಡಿಸ್ ಸಾಮಾನ್ಯ ಸಚಿವರಾಗಿರಲಿಲ್ಲ, ಮೈತ್ರಿಕೂಟದ ಸಂಚಾಲಕರೂ ಆಗಿದ್ದರು. ಮಿತ್ರಪಕ್ಷಗಳನ್ನು ಒಟ್ಟುಗೂಡಿಸಿ ಸರ್ಕಾರವನ್ನು ಉಳಿಸುವುದೇ ಅವರ ಹೊಣೆಯಾಗಿದ್ದುದರಿಂದ, ಟಿಬೆಟ್ ಅಥವಾ ಬರ್ಮಾಕ್ಕಾಗಿ ಅದನ್ನು ಅಲುಗಾಡಿಸುವ ಸ್ವಾತಂತ್ರ್ಯ ಅವರಿಗೆ ಉಳಿದಿರಲಿಲ್ಲ. ಸರ್ಕಾರದ ನೀತಿ ಬದಲಾದರೂ ಮನೆಗೆ ಬಂದವರನ್ನು ಅವರು ಹೊರಗಟ್ಟಲಿಲ್ಲ.

2004ರಲ್ಲಿ ಮೈತ್ರಿಕೂಟ ಅಧಿಕಾರ ಕಳೆದುಕೊಂಡಿತು. 2009ರಲ್ಲಿ ಮುಜಫ್ಫರ್‌ಪುರದಿಂದ ಸ್ವತಂತ್ರರಾಗಿ ಸ್ಪರ್ಧಿಸಿದ ಫರ್ನಾಂಡಿಸ್ ಸೋತರು. ಮರೆವಿನ ಕಾಯಿಲೆಯಿಂದ ವರ್ಷಗಟ್ಟಲೆ ಬಳಲಿ 2019ರ ಜನವರಿ 29ರಂದು ನಿಧನರಾದರು. 2020ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಬರ್ಮಾದಲ್ಲಿ 2021ರ ಫೆಬ್ರವರಿಯಲ್ಲಿ ಸೇನೆ ಪುನಃ ಅಧಿಕಾರ ಕಸಿದುಕೊಂಡು, ಅಲ್ಲಿನ ಜನ ಮತ್ತೆ ಗಡಿ ದಾಟಿ ಭಾರತಕ್ಕೆ ಬಂದಾಗ, ಅವರಿಗಾಗಿ ಬಾಗಿಲು ತೆರೆಯುತ್ತಿದ್ದ ಕೃಷ್ಣ ಮೆನನ್ ಮಾರ್ಗದ ಆ ರಾಜಕಾರಣಿ ದೆಹಲಿಯಲ್ಲಿ ಇರಲಿಲ್ಲ.